ಬೊಗಸೆ ನೀರು

ವಾರಾಹಿ ಹೊಳೆಯ ದಂಡೆಯ ಹಟ್ಟಿಯಂಗಡಿಯ ಸನಿಹದಲ್ಲಿದ್ದ ಒಂದು ಪ್ರಾಥಮಿಕ ಶಾಲೆಗೆ ನಾನು ಉಪಾಧ್ಯಾಯನಾಗಿ ಬಂದು ಸೇರಿದ್ದು 1961ರ ಜೂನ್ ತಿಂಗಳಿನಲ್ಲಿ. ಮಳೆ ಹಿಡಿದು ನಾಲ್ಕು ದಿನಗಳಾಗಿದ್ದವು. ತಲ್ಲೂರಿನಲ್ಲಿ ಬಸ್ಸಿಳಿದು, ಕೊಡೆಯನ್ನು ಗಾಳಿಗೆ ಎದುರೊಡ್ಡಿ ಹಿಡಿದು, ಗದ್ದೆಯ ಅಂಚಿನ ಮೇಲೆ ಜಾರುತ್ತ ಸಾವರಿಸಿಕೊಳ್ಳುತ್ತ ನಡೆದು ಶಾಲೆಯ ಜಗಲಿಯನ್ನು ಮುಟ್ಟಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಒಳಗೋಡೆಗೆ ತೂಗುಹಾಕಿದ್ದ ಪ್ರಪಂಚದ ಭೂಪಟ. ಅದು ಮದರಾಸು ಸರಕಾರದ ಕಾಲದ್ದು. ನಮ್ಮ ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷಗಳು ಸಂದಿದ್ದರೂ ಭೂಪಟವು ಹಳೆಯ ಒಡೆಯರನ್ನು ಬಿಟ್ಟುಕೊಟ್ಟಿರಲಿಲ್ಲ. ಆಂಗ್ಲರ ಚಕ್ರಾಧಿಪತ್ಯದ ಕೆಂಪು ಬಣ್ಣವು ಅರ್ಧ ಭೂಮಂಡಲವನ್ನು ಇನ್ನೂ ಆಳುತ್ತಿತ್ತು. ದಕ್ಷಿಣ ಅಮೆರಿಕದ ಬಾಲವನ್ನು ಗೆದ್ದಲು ತಿಂದಿತ್ತು. ಶಾಂತಸಾಗರದ ನಡುವೆ ಮಾಡಿನ ಸೋರಿಕೆಯಿಂದ ಹುಟ್ಟಿದ್ದ ಕಂದು ದ್ವೀಪವೊಂದಿತ್ತು. ಎಷ್ಟೋ ವರ್ಷ ಆ ದ್ವೀಪವನ್ನು ಮಕ್ಕಳು ನಿಜವೆಂದೇ ತಿಳಿದಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಐದನೆಯ ತರಗತಿಯ ಭೂಗೋಳದಲ್ಲಿ ಆಗ ಲೋಕದ ಜನಜೀವನವೆಂಬ ಒಂದು ಭಾಗವಿರುತ್ತಿತ್ತು. ಹಿಮದ ಮನೆಯ ಎಸ್ಕಿಮೊ, ಕಾಂಗೋ ಕಾಡಿನ ಕುಳ್ಳರು, ಒಂಟೆಯ ಮೇಲಿನ ಬೆದೂಯಿನರು, ಕುದುರೆ ಹಾಲು ಕುಡಿಯುವ ಕಿರ್ಗೀಜರು, ಕಾಗದದ ಗೋಡೆಯ ಮನೆಗಳಲ್ಲಿರುವ ಜಪಾನೀಯರು, ಹೀಗೆ ಒಬ್ಬರ ಹಿಂದೊಬ್ಬರು ಮೆರವಣಿಗೆ ಹೊರಟವರಂತೆ ಬರುತ್ತಿದ್ದರು. ಪ್ರತಿಯೊಬ್ಬರೂ ಒಂದು ವಿಚಿತ್ರವನ್ನು ಮಾಡಿ ತೋರಿಸಿ ಪುಟದಾಚೆಗೆ ಹೋಗಿಬಿಡುತ್ತಿದ್ದರು. ಎಸ್ಕಿಮೊ ಹಸಿ ಮಾಂಸವನ್ನು ತಿನ್ನುತ್ತಾನೆಂದರೆ ತರಗತಿಯೆಲ್ಲ ಮೂಗು ಮುಚ್ಚಿಕೊಂಡು ನಗುವುದು; ನಾನು ಬೆತ್ತವನ್ನು ಮೇಜಿಗೆ ಬಡಿದು, ಎಲ್ಲ ಮನುಷ್ಯರೂ ಒಂದೇ, ನಗಬಾರದು ಎನ್ನುವುದು; ಮಕ್ಕಳು ನಗುವನ್ನು ಅಂಗಿಯ ತೋಳಿನೊಳಗೆ ತುರುಕಿಕೊಂಡು ಸುಮ್ಮನಾಗುವುದು. ಪಾಠ ಮುಗಿಯಿತು. ಇದನ್ನೇ ನಾನು ಮೂರು ವರ್ಷಗಳ ಕಾಲ ವಿಶ್ವಸಂಸ್ಕೃತಿಯ ಬೋಧನೆಯೆಂದು ನಂಬಿಕೊಂಡಿದ್ದೆ.

ಪಠ್ಯಪುಸ್ತಕದಾಚೆಗೆ ನನ್ನ ಬಳಿ ಇದ್ದ ಆಸ್ತಿಯೆಂದರೆ ಶಿವರಾಮ ಕಾರಂತರ ‘ಬಾಲ ಪ್ರಪಂಚ’. 1936ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ಗ್ರಂಥದ ಒಂದು ಸಂಪುಟ, ರಟ್ಟು ಕಳಚಿದ ಸ್ಥಿತಿಯಲ್ಲಿ, ನನ್ನ ಸೋದರಮಾವನ ಮನೆಯ ಅಟ್ಟದಿಂದ ನನಗೆ ದೊರಕಿತ್ತು. ಕಾರಂತರು ಹುಟ್ಟಿದ ಕೋಟ ನಮಗೆ ನೆರೆಯೂರೇ ಆದುದರಿಂದ, ಕೋಟದವರೊಬ್ಬರು ಕುಳಿತು ಇಡಿಯ ಪ್ರಪಂಚವನ್ನು ಕನ್ನಡದ ಮಕ್ಕಳಿಗೋಸ್ಕರ ಬರೆದುಬಿಟ್ಟರೆಂಬುದು ನಮ್ಮ ಹುಡುಗರಿಗೆ ಪುಸ್ತಕದೊಳಗಿನ ಯಾವ ಅದ್ಭುತಕ್ಕಿಂತಲೂ ದೊಡ್ಡ ಅದ್ಭುತವಾಗಿ ತೋರುತ್ತಿತ್ತು. ಕುವೆಂಪು ಅವರು ಜರ್ಮನಿಯ ಹ್ಯಾಮಲಿನ್ ಪಟ್ಟಣದ ಕತೆಯನ್ನು ಬ್ರೌನಿಂಗನ ಕವಿತೆಯ ಮೂಲಕ ಪಡೆದು ತುಂಗೆಯ ತೀರಕ್ಕೆ ತಂದು ಕಿಂದರಿಜೋಗಿಯನ್ನಾಗಿ ಮಾಡಿದರು. ಅದು ಲೋಕವನ್ನು ಮನೆಗೆ ಕರೆತರುವ ದಾರಿ. ಕಾರಂತರದು ಮಗುವಿನ ಕೈಹಿಡಿದು ಅಂಗಳದಿಂದ ಹೊರಕ್ಕೆ ನಡೆಸುವ ದಾರಿ. ನನಗೆ ಎರಡನೆಯದೇ ಹೆಚ್ಚು ಪ್ರಿಯವಾಗಿತ್ತು. ಮಗುವಿನ ಅಂಗಳವನ್ನೇ ಹೊರಗಿನವನೊಬ್ಬ ಬಂದು ನೋಡುವ ಮೂರನೆಯ ದಾರಿಯೊಂದಿದೆಯೆಂಬುದು ನನಗೆ ಹೊಳೆದಿರಲಿಲ್ಲ. ಅದನ್ನು ತೋರಿಸಿದವಳು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ, ಎರಡು ಜಡೆಯ, ಸದಾ ಮಂಡಿ ತರಚಿಕೊಂಡಿರುತ್ತಿದ್ದ ಒಬ್ಬ ಹುಡುಗಿ. ಎಸ್ಕಿಮೊ ಪಾಠದ ದಿನ ಎಲ್ಲರೂ ನಕ್ಕು ಮುಗಿಸಿದ ಮೇಲೆ ಎದ್ದುನಿಂತು, “ಹಂಗಾರೆ ಅವ್ರೂ ನಮ್ಮನ್ ಕಂಡ್ ನೆಗಾಡ್ತ್ರಾ, ಮಾಷ್ಟ್ರೆ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಉಪಾಧ್ಯಾಯರೆಲ್ಲ ಮಾಡುವಂತೆ ನಾನೂ ಅದನ್ನು ಮನೆಗೆಲಸವಾಗಿ ಕೊಟ್ಟೆ: ನಮ್ಮೂರನ್ನು ಎಂದೂ ಕಾಣದ ಒಬ್ಬ ಎಸ್ಕಿಮೊ ಇಲ್ಲಿಗೆ ಬಂದರೆ ತನ್ನ ಮನೆಗೆ ಏನೆಂದು ಕಾಗದ ಬರೆದಾನು, ಅದನ್ನು ಬರೆದುಕೊಂಡು ಬನ್ನಿ ಎಂದೆ. ಮರುದಿನ ಬಂದ ಬರಹಗಳನ್ನು ಓದುತ್ತ ನಾನು ಕುರ್ಚಿಯಲ್ಲೇ ಹೊರಳಾಡಿ ನಕ್ಕದ್ದುಂಟು. ಗೊರಬು ಹೊದ್ದು ನಟ್ಟಿ ನೆಡುವ ಹೆಂಗಸರನ್ನು ಕಂಡು ಎಸ್ಕಿಮೊ ಬರೆದಿದ್ದ: ಈ ದೇಶದ ಹೆಂಗಸರು ಮಳೆಗಾಲದಲ್ಲಿ ಮಗುಚಿದ ದೋಣಿಯನ್ನು ಬೆನ್ನಿಗೆ ಹೊತ್ತು ಕೆಸರಿನಲ್ಲಿ ಹಿಂದುಹಿಂದಕ್ಕೆ ನಡೆಯುತ್ತಾರೆ, ಎಲ್ಲಿಗೂ ಹೋಗಿ ತಲುಪುವುದಿಲ್ಲ. ಇನ್ನೊಬ್ಬನ ಎಸ್ಕಿಮೊ ಯಕ್ಷಗಾನಕ್ಕೆ ಹೋಗಿದ್ದ: ತಲೆಯ ಮೇಲೆ ಅಕ್ಕಿಮುಡಿಯಷ್ಟು ದೊಡ್ಡ ಮುಂಡಾಸನ್ನು ಕಟ್ಟಿದವನು ಇಡೀ ರಾತ್ರಿ ಸಿಟ್ಟು ಮಾಡಿಕೊಳ್ಳುತ್ತಾನೆ, ಜನ ನಿದ್ದೆಗೆಟ್ಟು ಅದನ್ನು ಕೇಳಿ ಬೆಳಗ್ಗೆ ಸಂತೋಷದಿಂದ ಮನೆಗೆ ಹೋಗುತ್ತಾರೆ. ಮೂರನೆಯವನದು ಬರಿಯ ಎರಡೇ ವಾಕ್ಯ: ಇಲ್ಲಿಯ ಜನ ಅನ್ನ ಬೇಯಿಸಿದ ನೀರನ್ನೂ ಬಿಡುವುದಿಲ್ಲ. ಪಾಪ, ಬಡವರು.

ಈ ಆಟ ಎಷ್ಟು ಹಿಡಿಸಿತೆಂದರೆ ಅದಕ್ಕೆ ನಿಜವಾದ ಪರದೇಶಿಗಳನ್ನು ಹುಡುಕಿಕೊಡಬೇಕಾದ ಹೊಣೆ ನನ್ನ ಮೇಲೆ ಬಿದ್ದಿತು. ನಮ್ಮ ಪುಣ್ಯಕ್ಕೆ ಈ ಕರಾವಳಿಗೆ ಅಂಥವರ ಬಡತನವಿಲ್ಲ. ನಮ್ಮ ಹೊಳೆಯ ದಂಡೆಯದೇ ಆದ ಬಸರೂರು ಒಂದಾನೊಂದು ಕಾಲದಲ್ಲಿ ಅರಬರೂ ಪೋರ್ತುಗೀಜರೂ ಹಡಗು ತಂದು ನಿಲ್ಲಿಸುತ್ತಿದ್ದ ಪಟ್ಟಣ. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಕೊಳ್ಳೆಹೊಡೆಯುವಷ್ಟು ಸಿರಿ ಅಲ್ಲಿತ್ತು. 1963ರಲ್ಲಿ ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು ಆರಂಭವಾದ ತರುವಾಯ ಅಧ್ಯಾಪಕ ಮಿತ್ರರೊಬ್ಬರ ಪರಿಚಯವಾಗಿ, ಅವರ ಮೂಲಕ ಇಬ್ಬರು ಪ್ರವಾಸಿಗಳ ಇಂಗ್ಲಿಷ್ ಅನುವಾದಗಳು ಕೆಲವು ವಾರಗಳ ಮಟ್ಟಿಗೆ ನನ್ನ ಕೈಗೆ ಬಂದವು. ರಾತ್ರಿ ಚಿಮಣಿ ದೀಪದ ಬುಡದಲ್ಲಿ ಕುಳಿತು, ಬೇಕಾದ ಭಾಗಗಳನ್ನು ಕನ್ನಡಕ್ಕೆ ತಿರುಗಿಸಿ ನಲ್ವತ್ತು ಪುಟಗಳ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಆ ಪುಸ್ತಕ ಈಗಲೂ ನನ್ನಲ್ಲಿದೆ. ಅದರ ಅಂಚಿನಲ್ಲಿ ಸೀಮೆಎಣ್ಣೆಯ ಕಲೆಯೂ ಇದೆ.

ಮೊದಲನೆಯವನು ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ. ಪೋರ್ತುಗೀಜರ ರಾಯಭಾರಿಯ ಸಂಗಡ ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟಿದ್ದ ಆತನು 1623ರಲ್ಲಿ ಗೇರುಸೊಪ್ಪೆಯಿಂದ ಘಟ್ಟ ಹತ್ತುವ ದಾರಿಯಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ತಂಗಿದ್ದಾಗ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡನು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ನೆಲದ ಮೇಲೆ ಹರಡಿದ್ದ ನುಣುಪು ಮರಳಿನಲ್ಲಿ ಬೆರಳಿನಿಂದ ಅಂಕಿಯನ್ನು ಬರೆಯುವನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲ ತುಂಬಿದಾಗ ಅಳಿಸಿ ಹೊಸ ಮರಳನ್ನು ಉದುರಿಸುವರು. ತಪ್ಪಿದರೆ ತಿದ್ದುವವರು ಯಾರೆಂದು ಕೇಳಲು, ಒಂದೇ ತೊಡಕು ನಾಲ್ವರನ್ನೂ ಒಂದೇ ಕ್ಷಣದಲ್ಲಿ ತಡೆದು ನಿಲ್ಲಿಸಲಾರದು, ಆದುದರಿಂದ ನಾವೇ ಒಬ್ಬರಿಗೊಬ್ಬರು ಗುರುಗಳು ಎಂಬ ಅರ್ಥದಲ್ಲಿ ಹುಡುಗರು ಉತ್ತರಿಸಿದರು. ಆ ಉತ್ತರಕ್ಕೆ ಅವನು ಬೆರಗಾದನು. ಇದನ್ನು ನಾನು ಓದಿ ಮುಗಿಸಿದ ದಿನ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಹುಡುಗರು ಹೊಳೆಯ ಹೊಯಿಗೆಯನ್ನು ಅಂಗಿಯ ಮಡಿಲಲ್ಲಿ ತಂದು ಜಗಲಿಯ ತುಂಬ ಸುರಿದರು. ಅವರ ಅಜ್ಜಂದಿರು ಐಗಳ ಮಠದಲ್ಲಿ ಹಾಗೆಯೇ ಬರೆದವರು. ಆದರೆ ಅಜ್ಜ ಹೇಳಿದಾಗ ಹಳೆಯ ಕಷ್ಟದ ಕತೆಯಾಗಿದ್ದುದು ರೋಮಿನವನೊಬ್ಬ ಹೇಳಿದಾಗ ಹೆಮ್ಮೆಯ ಸಂಗತಿಯಾಯಿತು. ಇದರಲ್ಲಿ ಒಂದು ದುರ್ಬಲತೆಯೂ ಇದೆಯೆಂದು ನಾನು ಬಲ್ಲೆ. ಪರರ ಬಾಯಿಂದ ಬಂದ ಹೊಗಳಿಕೆಯೇ ನಮಗೆ ರುಚಿ. ಅಂದು ಜಗಲಿ ಗುಡಿಸಿದವನು ನಾನೇ.

ಅನಂತರದ ಕೆಲವು ತಿಂಗಳು ನಮ್ಮ ಶಾಲೆಯಲ್ಲಿ ಲೋಕವು ಭೂಪಟದಿಂದ ಇಳಿದು ಮಾಡಿನ ಮೇಲೂ ಬುತ್ತಿಯ ಒಳಗೂ ಓಡಾಡಿತು. ಗಾಳಿಗೆ ಜಾರಿ ಒಡೆದ ಹೆಂಚೊಂದನ್ನು ಹುಡುಗನೊಬ್ಬ ತಂದನು. ಅದರ ಬೆನ್ನ ಮೇಲೆ ಬಾಸೆಲ್ ಮಿಶನ್ ಎಂಬ ಅಕ್ಷರಗಳೂ 1865 ಎಂಬ ಅಂಕಿಯೂ ಉಬ್ಬಿ ನಿಂತಿದ್ದವು. ಆ ವರ್ಷ ಮಂಗಳೂರಿನಲ್ಲಿ ಆ ಮಿಶನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದರೆಂದೂ, ಬಾಸೆಲ್ ಎಂಬುದು ಸ್ವಿಜರ್ಲೆಂಡಿನಲ್ಲಿ ರೈನ್ ನದಿಯ ದಂಡೆಯ ಊರೆಂದೂ ಹೇಳಿದಾಗ, ವಾರಾಹಿಯ ದಂಡೆಯ ಮಕ್ಕಳು ರೈನ್ ದಂಡೆಯ ಊರಿನ ಹೆಸರಿನ ಅಡಿಯಲ್ಲಿ ಕುಳಿತು ಮಗ್ಗಿ ಹೇಳುತ್ತಿದ್ದೇವೆಂದು ತಲೆಯೆತ್ತಿ ಮಾಡನ್ನು ನೋಡಿದರು. ಗೇರುಮರವೂ ಅನಾನಸೂ ಪೋರ್ತುಗೀಜರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ಬಂದವೆಂದರೆ ನಂಬಿದರು. ಮೆಣಸಿನಕಾಯಿಯೂ ಹಾಗೆಯೇ ಬಂದದ್ದೆಂದಾಗ ನನ್ನನ್ನು ಸುಳ್ಳುಗಾರನೆಂದೇ ಬಗೆದರು. ಬಟಾಟೆ, ಚಾವಿ, ಪಾದ್ರಿ ಎಂಬ ಮಾತುಗಳು ಪೋರ್ತುಗೀಜರಿಂದ ನಮಗೆ ಬಂದವು, ಬೆಳಗ್ಗೆ ನಾನು ಕೂಗುವ ಹಾಜರಿಯು ಅರಬ್ಬಿಯದು ಎಂದದ್ದಕ್ಕೆ, ಹಾಗಾದರೆ ನಾವು ಕನ್ನಡದಲ್ಲಿ ಎಂದಾದರೂ ಶಾಲೆಗೆ ಬಂದದ್ದುಂಟೆ ಎಂದು ಒಬ್ಬ ತುಂಟನು ಕೇಳಿದನು.

ಹಾಗೆಂದು ಎಲ್ಲ ಹತ್ತಿರದ ವಸ್ತುಗಳೂ ಸುಲಭವಾಗಿರಲಿಲ್ಲ. ಹಟ್ಟಿಯಂಗಡಿಯ ಜಟೆಯಿರುವ ಸಿದ್ಧಿವಿನಾಯಕನ ಗುಡಿಗೆ ನಡೆದುಹೋಗುವ ಮಕ್ಕಳಲ್ಲಿ ಅನೇಕರು ಅದೇ ಊರಿನ ಚಂದ್ರನಾಥ ಬಸದಿಯೊಳಗೆ ಹೆಜ್ಜೆಯಿಟ್ಟವರಲ್ಲ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ, ಬಟಾಟೆಯನ್ನು ಮುಟ್ಟದ ಜೈನ ಹುಡುಗನನ್ನು ತಮಾಷೆ ಮಾಡುವುದು, ಮನೆಯಲ್ಲಿ ಕೊಂಕಣಿಯಾಡುವವನ ರಾಗವನ್ನು ಅಣಕಿಸುವುದು ದಿನದಿನದ ವಿನೋದವಾಗಿತ್ತು. ಈ ಊರಿನ ಹೆಸರನ್ನೇ ಕುಲನಾಮವಾಗಿ ಧರಿಸಿದ ಸಾರಸ್ವತ ಕುಟುಂಬಗಳು ಮುಂಬಯಿಯವರೆಗೂ ಹಬ್ಬಿವೆ. ಅಂಥ ಹೆಸರಿನ ಮನೆಯ ಸೊಸೆಯಾದ ರೋಹಿಣಿ ಹಟ್ಟಂಗಡಿಯವರು 1982ರ ‘ಗಾಂಧಿ’ ಚಿತ್ರದಲ್ಲಿ ಕಸ್ತೂರಬಾ ಆಗಿ ಕಾಣಿಸಿಕೊಂಡಾಗ, ಕೊಂಕಣಿಯನ್ನು ಅಣಕಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳೇ ನಮ್ಮೂರಿನವರೆಂದು ಎದೆಯುಬ್ಬಿಸಿ ನನಗೆ ಬಂದು ಹೇಳಿದರು. ಇರಲಿ.

ಎರಡನೆಯ ಪ್ರವಾಸಿ ಇಬ್ನ್ ಬತೂತ. ಮೊರಾಕ್ಕೊ ದೇಶದ ಈತನು 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಾಗಿಹೋದವನು. ಅಬು ಸರೂರ್ ಎಂದು ಅವನು ಕರೆದದ್ದು ನಮ್ಮ ಬಸರೂರು. ದೊಡ್ಡ ಅಳಿವೆಯ ಮೇಲಿನ ಸಣ್ಣ ಪಟ್ಟಣ, ತೆಂಗಿನಮರಗಳು ಹೇರಳ ಎಂದಿದ್ದಾನೆ. ಫಾಕನೂರ್ ಎಂಬುದು ಬಾರಕೂರು. ಅಲ್ಲಿಯ ಕಬ್ಬಿಗೆ ಆ ಸೀಮೆಯಲ್ಲೆಲ್ಲ ಸಾಟಿಯಿಲ್ಲವಂತೆ. ಇಷ್ಟನ್ನು ಓದಿದಾಗ ಮಕ್ಕಳು ತಮ್ಮ ಹಿತ್ತಲ ತೆಂಗಿನಮರಗಳಿಗೆ ಪ್ರಶಸ್ತಿ ಬಂದವರಂತೆ ಹಿಗ್ಗಿದರು. ಆ ಹುಮ್ಮಸ್ಸಿನಲ್ಲಿ ಮುಂದಿನ ಭಾಗವನ್ನು ಮೊದಲೇ ಯೋಚಿಸದೆ ಓದಿಬಿಟ್ಟೆ. ಗೋವೆಯಿಂದ ಕೊಲ್ಲದವರೆಗಿನ ದಾರಿಯುದ್ದಕ್ಕೂ ಅರ್ಧರ್ಧ ಮೈಲಿಗೊಂದು ಮರದ ಮಂಟಪ, ಕುಳಿತುಕೊಳ್ಳಲು ಜಗಲಿ, ಕುಡಿಯಲು ಬಾವಿ, ಬಾವಿಯ ಬಳಿ ನೀರು ಕೊಡುವವನೊಬ್ಬನು; ಬಂದವನು ತನ್ನವನಾದರೆ ಪಾತ್ರೆಯಲ್ಲಿ ಕೊಡುವನು, ಮುಸಲ್ಮಾನನಾದರೆ ಕೈಗೆ ಹೊಯ್ಯುವನು. ಅವನು ಉಂಡ ಪಾತ್ರೆಯನ್ನು ಒಂದೋ ಒಡೆದುಹಾಕುವರು, ಇಲ್ಲವೆ ಅವನಿಗೇ ಕೊಟ್ಟುಬಿಡುವರು.

ತರಗತಿ ನಗಲಿಲ್ಲ. ಆ ಎರಡು ಜಡೆಯ ಹುಡುಗಿಯೇ, ದೂರುವ ಧ್ವನಿಯಲ್ಲೇನೂ ಅಲ್ಲ, ಲೆಕ್ಕದ ಉತ್ತರವನ್ನು ತಾಳೆನೋಡುವವಳ ಧ್ವನಿಯಲ್ಲಿ ಹೇಳಿದಳು: “ನಮ್ಮ ಶಾಲಿಯಂಗೂ ಹಂಗೇ ಅಲ್ದಾ ಮಾಷ್ಟ್ರೆ? ಇವ್ನ್ ಬೊಗ್ಸಿಗೆ ಅಲ್ದಾ ನೀರ್ ಹಾಕುದ್?”

ಅವಳು ಕೈತೋರಿಸಿದ್ದು ಬಾಗಿಲ ಬಳಿ, ಹಲಗೆಯ ಕೊನೆಯಲ್ಲಿ ಒಬ್ಬನೇ ಕುಳಿತುಕೊಳ್ಳುತ್ತಿದ್ದ ಹುಡುಗನ ಕಡೆಗೆ. ಹಾಡಿಯ ಅಂಚಿನಲ್ಲಿದ್ದ ಕೊರಗರ ಗುಡಿಸಲುಗಳಿಂದ ಆ ವರ್ಷ ಶಾಲೆಗೆ ಬಂದವನು ಅವನೊಬ್ಬನೇ. ಜಗಲಿಯ ಮೂಲೆಯಲ್ಲಿ ಮಣ್ಣಿನ ಹರವಿಯೂ ಅದರ ಮೇಲೊಂದು ಹಿತ್ತಾಳೆಯ ಲೋಟವೂ ಇರುತ್ತಿದ್ದವು. ಬಿಡುವಿನಲ್ಲಿ ಎಲ್ಲರೂ ಲೋಟದಿಂದ ಕುಡಿದಾದ ಮೇಲೆ ದೊಡ್ಡ ಹುಡುಗನೊಬ್ಬನು ಮೇಲಿನಿಂದ ಸುರಿಯುವನು, ಇವನು ಜಗಲಿಯ ಕೆಳಗೆ ನಿಂತು ಬೊಗಸೆಯೊಡ್ಡಿ ಕುಡಿಯುವನು. ಅಸ್ಪೃಶ್ಯತೆಯ ಅಪರಾಧಗಳ ಕಾನೂನು 1955ರಲ್ಲೇ ಬಂದಿತ್ತು. ನಾನು ಅದನ್ನು ಪೌರನೀತಿಯ ಪಾಠದಲ್ಲಿ ಕಲಿಸಿಯೂ ಇದ್ದೆ. ದಿನವೂ ನನ್ನ ಕಣ್ಣೆದುರಿಗೇ ನಡೆಯುತ್ತಿದ್ದ ಈ ಸುರಿಯುವಿಕೆಯನ್ನು ನಾನು ಕಂಡಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮಳೆಗಾಲದಲ್ಲಿ ಮಳೆಯನ್ನು ಕಾಣುವಂತೆ ಕಂಡಿದ್ದೆ. ಎಸ್ಕಿಮೊಗಳನ್ನು ನೋಡಿ ನಗಬಾರದೆಂದು ಬೆತ್ತ ಬಡಿಯುತ್ತಿದ್ದ ಮಾಸ್ತರನ ತರಗತಿಯಲ್ಲಿ, ಆರು ನೂರು ವರ್ಷಗಳ ಹಿಂದಿನ ಪರದೇಶಿಯೊಬ್ಬನು ಕಂಡದ್ದನ್ನು ಕಾಣಲು ಹತ್ತು ವರ್ಷದ ಹೆಣ್ಣುಮಗುವೊಂದು ಬೇಕಾಯಿತು. ಹುಡುಗನು ಯಾರನ್ನೂ ನೋಡದೆ ತನ್ನ ಸ್ಲೇಟನ್ನು ಒರೆಸುತ್ತಿದ್ದನು. ಅದರಲ್ಲಿ ಏನೂ ಬರೆದಿರಲಿಲ್ಲ.

ಮರುದಿನದಿಂದ ಎಲ್ಲರೂ ಅದೇ ಲೋಟದಲ್ಲಿ ಕುಡಿಯತಕ್ಕದ್ದೆಂದು ನಾನು ಹೇಳಿದೆನು. ಅದು ಎರಡು ದಿನ ನಡೆಯಿತು. ಮೂರನೆಯ ದಿನ ಊರಿನ ಹಿರಿಯರೊಬ್ಬರು, ನನ್ನನ್ನು ತಮ್ಮ ಮನೆಯ ಹಬ್ಬಗಳಿಗೆಲ್ಲ ತಪ್ಪದೆ ಕರೆಯುತ್ತಿದ್ದವರು, ಸಂಜೆ ಬಂದು ಜಗಲಿಯಲ್ಲಿ ಕುಳಿತು, ಎಲೆಯಡಿಕೆ ಮುಗಿಸಿ, “ನೀವ್ ಪುಸ್ತಕ ಕಲ್ಸಿ ಮಾಷ್ಟ್ರೆ, ನೀರಿನ್ ಸಮಾಚಾರ ಬ್ಯಾಡ” ಎಂದು ಬಹಳ ಮೆಲ್ಲಗೆ ಹೇಳಿ ಎದ್ದುಹೋದರು. ನಾಲ್ಕನೆಯ ದಿನ ಆರು ಮಕ್ಕಳು ಬರಲಿಲ್ಲ. ನಾನು ಧೀರನಲ್ಲ. ಒಂದು ಉಪಾಯ ಮಾಡಿದೆ: ಲೋಟವನ್ನು ನನ್ನ ಪೆಟ್ಟಿಗೆಯೊಳಗೆ ಹಾಕಿ ಚಾವಿ ತಿರುಗಿಸಿ, ಇನ್ನು ಮುಂದೆ ಎಲ್ಲರಿಗೂ ನಾನೇ ಚೆಂಬಿನಿಂದ ಸುರಿಯುವೆನು, ಎಲ್ಲರೂ ಬೊಗಸೆಯಲ್ಲೇ ಕುಡಿಯಬೇಕು ಎಂದೆ. ಮಕ್ಕಳಿಗೆ ಅದೊಂದು ಹೊಸ ಆಟವಾಯಿತು, ಹಿರಿಯರಿಗೂ ಸಮಾಧಾನವಾಯಿತು. ಒಬ್ಬನನ್ನು ಲೋಟದವರೆಗೆ ಏರಿಸಲಾರದೆ ಮೂವತ್ತು ಮಂದಿಯನ್ನು ಬೊಗಸೆಗೆ ಇಳಿಸಿದ ಈ ಏರ್ಪಾಡನ್ನು ಆಗ ನಾನು ಜಾಣತನವೆಂದುಕೊಂಡಿದ್ದೆ. ಈಗ ಅದಕ್ಕೆ ಏನು ಹೆಸರಿಡಬೇಕೋ ತಿಳಿಯದು.

ಇಷ್ಟರಿಂದ ನನ್ನ ಮನಸ್ಸು ತಣಿಯಲಿಲ್ಲವಾದುದರಿಂದ ಇನ್ನೊಂದು ತಪ್ಪನ್ನು ಮಾಡಿದೆ. ಕಂಬಳದ ದಿನಗಳು, ಗದ್ದೆಯ ಕಡೆಯಿಂದ ಕೊರಗರ ಡೋಲಿನ ಸದ್ದು ಕೇಳುತ್ತಿತ್ತು. ಆಫ್ರಿಕದ ಜನರು ತಮಟೆಯ ಪೆಟ್ಟುಗಳಿಂದಲೇ ದೂರದೂರಕ್ಕೆ ಸುದ್ದಿ ಮುಟ್ಟಿಸುತ್ತಾರೆಂದು ಹಿಂದಿನ ವಾರವಷ್ಟೆ ಕಲಿಸಿದ್ದೆ. ಆ ಹುಡುಗನ ತಂದೆ ಡೋಲು ಬಡಿಯುವವರಲ್ಲಿ ನಿಪುಣನೆಂಬುದು ಊರಿಗೆಲ್ಲ ತಿಳಿದಿತ್ತು. ಹುಡುಗನು ತರಗತಿಯ ಎದುರಿಗೆ ನಿಂತು ತನ್ನ ಮನೆಯ ಕಲೆಯನ್ನು ತೋರಿಸಿದರೆ, ಅವನನ್ನು ಅಣಕಿಸುವವರ ಬಾಯಿ ಕಟ್ಟೀತು, ಅವನ ತಲೆ ಮೇಲಕ್ಕೆದ್ದೀತು ಎಂದು ಭಾವಿಸಿ, ಬಹು ಪ್ರೀತಿಯಿಂದಲೇ ಅವನನ್ನು ಕರೆದು, ಮೇಜಿನ ಮೇಲೆ ಬಡಿದು ತೋರಿಸು ಮಗ ಎಂದೆ. ಅವನು ಎದ್ದು ಬಂದನು, ಮೇಜಿನ ಎದುರಿಗೆ ನಿಂತನು, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡನು.

“ಅದ್ ಬ್ಯಾಡ ಮಾಷ್ಟ್ರೆ,” ಎಂದನು. “ನಂಗೆ ಜಪಾನ್ ಪಾಠ ಓದೂಕ್ ಕೊಡಿ.”

ಡೋಲು ನನಗೆ ಸಂಸ್ಕೃತಿಯಾಗಿತ್ತು. ಕರೆ ಬಂದಾಗ ಹೋಗಿ ಬಡಿಯಲೇಬೇಕಾದ, ಒಲ್ಲೆನೆನ್ನಲಾಗದ ಬಿಟ್ಟಿ ಚಾಕರಿಯನ್ನು ಅದರ ಸದ್ದಿನಲ್ಲಿ ಕೇಳಲು ಅವನ ಕಿವಿಯೇ ಬೇಕಿತ್ತು. ಕೊರಗರಿಗೆ ತಮ್ಮದೇ ಒಂದು ನುಡಿಯುಂಟೆಂಬುದೂ ನನಗೆ ತಿಳಿದದ್ದು ಪುಸ್ತಕದಿಂದ: ಡಿ. ಎನ್. ಶಂಕರ ಭಟ್ಟರು ಕೊರಗ ಭಾಷೆಯನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು 1971ರಲ್ಲಿ ಪ್ರಕಟವಾಯಿತು. ಹಲವು ವರ್ಷಗಳ ತರುವಾಯ ಅದರ ಪುಟಗಳನ್ನು ತಿರುವುವಾಗ, ವಿದ್ವಾಂಸರು ವ್ಯಾಕರಣ ಬರೆಯುವಷ್ಟು ಸಂಪನ್ನವಾದ ಒಂದು ಭಾಷೆ ವರ್ಷವಿಡೀ ನನ್ನ ಬಾಗಿಲ ಬಳಿ ಕುಳಿತಿದ್ದಾಗ ನಾನು ಮಕ್ಕಳಿಗೆ ಜಗತ್ತಿನ ಭಾಷೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಿದ್ದೆನೆಂಬ ಅರಿವಿನಿಂದ ಕೈ ನಿಂತುಹೋಯಿತು. ಅಜಲು ಎಂಬ ಅಮಾನುಷ ಪದ್ಧತಿಯನ್ನು, ಉಗುರೂ ಕೂದಲೂ ಬೆರೆಸಿದ ಅನ್ನವನ್ನು ಆ ಜನರಿಗೆ ಉಣಿಸುವುದನ್ನು, ನಮ್ಮ ರಾಜ್ಯವು ಪ್ರತ್ಯೇಕ ಶಾಸನದಿಂದ ನಿಷೇಧಿಸಿದ್ದು 2000ದಲ್ಲಿ. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ.

ಆ ದಿನ ನಾನು ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಅವನು ನನ್ನ ಮೇಜಿನ ಬಳಿಯಲ್ಲೇ, ಭೂಪಟಕ್ಕೆ ಬೆನ್ನು ಮಾಡಿ ನಿಂತು, ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಓದತೊಡಗಿದನು. ಜಪಾನು ದ್ವೀಪಗಳ ದೇಶ. ಅಲ್ಲಿಯ ಜನರು ಅನ್ನವನ್ನೂ ಮೀನನ್ನೂ ತಿನ್ನುತ್ತಾರೆ. ಮೆಟ್ಟನ್ನು ಹೊರಗೆ ಬಿಟ್ಟು ಮನೆಯೊಳಗೆ ಬರುತ್ತಾರೆ. ನಮ್ಮಂಗೇ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಗದ್ದೆಯ ಕಡೆಯ ಡೋಲು ನಿಂತಿರಲಿಲ್ಲ. ಅಲ್ಲಿ ಮನೆಗಳನ್ನು ಮರದಿಂದಲೂ ಕಾಗದದಿಂದಲೂ ಕಟ್ಟುತ್ತಾರೆ, ಏಕೆಂದರೆ ಅಲ್ಲಿ ಮೇಲಿಂದ ಮೇಲೆ ಎಂಬಲ್ಲಿಗೆ ಬಂದು ಅವನು ತಡವರಿಸಿದನು. ಬೆರಳು ಒಂದೇ ಪದದ ಮೇಲೆ ಹಿಂದೆಮುಂದೆ ಹರಿಯಿತು. ಬಳಿಕ ಗಟ್ಟಿಯಾಗಿ, ಪೂರ್ಣ ಧೈರ್ಯದಿಂದ, ಭೂತಕಂಪ ಆಗುತ್ತದೆ ಎಂದು ಓದಿದನು.

ಭೂತವು ಮೈಮೇಲೆ ಬಂದು ದರ್ಶನದ ಪಾತ್ರಿ ನಡುಗುವುದನ್ನು ಕಾಣದ ಮಗು ಆ ತರಗತಿಯಲ್ಲಿ ಒಂದೂ ಇರಲಿಲ್ಲ. ಕೊಠಡಿಯೆಲ್ಲ ಘೊಳ್ಳೆಂದು ನಕ್ಕಿತು. ಅವನು ಒಂದು ಗಳಿಗೆ ಎಲ್ಲರನ್ನೂ ನೋಡಿ, ಏಕೆಂದು ತಿಳಿಯದೆಯೋ ತಿಳಿದೋ, ತಾನೂ ನಕ್ಕನು. ಆ ವರ್ಷ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ತಿದ್ದಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಬೆರಳು ಮುಂದಿನ ಸಾಲಿಗೆ ಇಳಿದಿತ್ತು.